ವ್ಯಾನಿನ ಚೊಕ್ಕ ನೀರಿನ ಟ್ಯಾಂಕ್ ಪೂರ್ತಿ ಖಾಲಿ ಆಗುತ್ತಿಲ್ಲ, ಏನು ಮಾಡ್ಲಿ?

ಸೋಫಾವಾಲಾ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಲ್ಲಿ ಸೋಫಾ, ಕಾರ್ಪೆಟ್ ತೊಳೆಯುವ ಕೆಲಸ ನನ್ನದು. ಒಂದು ಚೋಟಾ ಹಾಥಿ ಗಾಡಿ ಇದೆ. ಅದರಲ್ಲಿ 500 ಲೀಟರ್‌ನ ಚೊಕ್ಕ ನೀರಿನ ಟ್ಯಾಂಕ್, ಪಕ್ಕದಲ್ಲಿ ಹೊಲಸು ನೀರಿಗೆ ಇನ್ನೊಂದು ಸಣ್ಣ ಟ್ಯಾಂಕ್, ನಡುವೆ ಪಂಪು ಮತ್ತು ಮಷೀನು. ಹೊಲಸು ನೀರಿನದು ದಿನಾ ಸಂಜೆ ಖಾಲಿ ಮಾಡಿ ತೊಳೆಯುತ್ತೇನೆ. ಚೊಕ್ಕ ನೀರಿನದು ಖಾಲಿ ಮಾಡಿದ್ದೇ ಇಲ್ಲ. ಎಂಟು ತಿಂಗಳಿಂದ ಕಡಿಮೆ ಆದಷ್ಟು ತುಂಬಿಸುತ್ತಾ ಬಂದಿದ್ದೇನೆ. ಒಳ್ಳೆ ನೀರು ತಾನೇ ಅಂತ.

ಹೋದ ವಾರ ಸೇಡಂ ರಸ್ತೆ ಕಡೆ ಒಂದು ಮನೆಯಲ್ಲಿ ಸೋಫಾ ತೊಳೆದೆ. ಮಾರನೇ ದಿನ ಆ ಅಕ್ಕ ಫೋನ್ ಮಾಡಿದರು. "ತಮ್ಮಾ, ಸೋಫಾ ಕೆರಿ ವಾಸನಿ ಹೊಡೀಲತ್ತದ" ಅಂದರು. ಮುಖ ಎಲ್ಲಿ ಇಟ್ಟುಕೊಳ್ಳಲಿ ಹೇಳಿ. ಮನೆಗೆ ಬಂದು ಟ್ಯಾಂಕಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಗೋಡೆಗೆ ಹಸಿರು ಪಾಚಿ, ತಳದಲ್ಲಿ ಬಿಳಿ ರಾಡಿ.

ನಲ್ಲಿ ತಿರುವಿ ಬಿಟ್ಟೆ. ಬಹಳ ಹೊತ್ತು ಸುರಿಯಿತು, ಆಮೇಲೆ ನಿಂತಿತು. ಆದರೆ ತಳದಿಂದ ಎರಡು ಇಂಚು ನೀರು ಹಾಗೇ ಉಳಿದಿದೆ. ನಲ್ಲಿ ಇರೋದೇ ಅಷ್ಟು ಮೇಲೆ. ಟ್ಯಾಂಕ್‌ನ್ನು ಆ್ಯಂಗಲ್ ಫ್ರೇಮಿಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಇಳಿಸೋಕೆ ಆಗಲ್ಲ. ಕೈ ತಳಕ್ಕೆ ಮುಟ್ಟಲ್ಲ. ಕೂರಿಸಿದವನನ್ನು ಕೇಳಿದರೆ "ಅಷ್ಟು ಉಳಿದರ ಏನಾಗ್ತದ" ಅನ್ನುತ್ತಾನೆ.

ಈ ಕೆಲಸದ ವಿಡಿಯೋ ಎಲ್ಲ ಹೊರದೇಶದವು. ಅವರು ರಾತ್ರಿ ಟ್ಯಾಂಕ್ ಖಾಲಿ ಮಾಡೋದು ನೀರು ಹೆಪ್ಪುಗಟ್ಟಿ ಪಂಪು ಒಡೆಯುತ್ತೆ ಅಂತ. ನಮ್ಮೂರಲ್ಲಿ ಐಸ್ ಎಲ್ಲಿಂದ ಬರಬೇಕು? ಹಾಗಾದರೆ ನಾವು ಯಾವಾಗ ಖಾಲಿ ಮಾಡಬೇಕು, ಹೇಗೆ ಮಾಡಬೇಕು? ಗೊತ್ತಿದ್ದವರು ಹೇಳಿ.

ಜೇವರ್ಗಿ ಹುಡುಗ

ಕಲಬುರಗಿ ಬಿಸಿಲಿಗೆ ಪಂಪು ಹೆಪ್ಪುಗಟ್ಟಿದರೆ ಅವತ್ತು ನಾನೇ ಎಲ್ಲರಿಗೂ ಮಿರ್ಚಿ ಬಜಿ ಕೊಡಿಸ್ತೀನಿ.

ನಳದ ಕಾಕಾ

ತಮ್ಮಾ, ಮೊದಲು ಒಂದು ಮಾತು. ನಲ್ಲಿ ಎರಡು ಇಂಚು ಮೇಲೆ ಇರೋದು ತಪ್ಪಲ್ಲ. ಪಂಪಿಗೆ ಹೋಗುವ ನೀರು ತಳದಿಂದ ಎಳೆದರೆ ರಾಡಿ, ಉಸುಕು ಎಲ್ಲ ಪಂಪಿಗೆ ಹೋಗುತ್ತೆ. ಅದಕ್ಕೇ ಸ್ವಲ್ಪ ಮೇಲಿಂದ ತೆಗೆಯೋದು. ಮನೆ ಮೇಲಿನ ಟ್ಯಾಂಕಿಗೂ ಹಾಗೇ ಮಾಡ್ತೀವಿ. ತಪ್ಪು ಏನಂದರೆ, ನಿನ್ನ ಟ್ಯಾಂಕಿಗೆ ಇರೋದು ಒಂದೇ ತೂತು. ಪಂಪಿಗೂ ಅದೇ, ಖಾಲಿ ಮಾಡೋಕೂ ಅದೇ. ಎರಡು ಕೆಲಸಕ್ಕೆ ಎರಡು ತೂತು ಬೇಕು.

ಇನ್ನೊಂದು ಟ್ಯಾಂಕ್ ನಿಪ್ಪಲ್ (ಟ್ಯಾಂಕಿನ ತೂತಿಗೆ ಹಾಕುವ ತುಂಡು ಪೈಪು) ಕೂರಿಸು, ಒಂದು ಇಂಚಿನದು. ತೀರಾ ತಳದ ಬಾಗಿನಲ್ಲಿ ಕೊರೆಯಬೇಡ, ಅಲ್ಲಿ ವಾಷರ್ ಸರಿಯಾಗಿ ಕೂರಲ್ಲ. ಮೊದಲಿನ ನಲ್ಲಿಯ ಎತ್ತರಕ್ಕೇ, ಸಪಾಟಾದ ಜಾಗ ನೋಡಿ ಕೊರೆ. ಈಗ ಟ್ಯಾಂಕಿನ ಒಳಗಿನ ಕಡೆ ಆ ನಿಪ್ಪಲ್‌ಗೆ ಒಂದು ಎಲ್ಬೋ (ಮೊಣಕೈ ಹಾಗೆ ಬಾಗಿದ ಪೈಪಿನ ತುಂಡು) ಹಾಕಿ ಬಾಯಿ ಕೆಳಗೆ ತಿರುಗಿಸು. ತಳಕ್ಕೂ ಎಲ್ಬೋ ಬಾಯಿಗೂ ಕಾಲು ಇಂಚು ಸಂದು ಇರಲಿ. ಹೊರಗಡೆ ಬಾಲ್ ವಾಲ್ವ್, ಅದಕ್ಕೆ ಪೈಪು, ಪೈಪಿನ ತುದಿ ಟ್ಯಾಂಕಿನ ತಳಕ್ಕಿಂತ ಕೆಳಗೆ, ನೆಲದ ಹತ್ತಿರ. ಪೈಪಿನಲ್ಲಿ ನೀರು ತುಂಬಿ ಹರಿಯುವವರೆಗೆ ಎಲ್ಬೋ ತಳದ ನೀರನ್ನೂ ಮೇಲೆ ಎಳೆದುಕೊಂಡು ಹೋಗುತ್ತೆ. ಗಾಳಿ ಹೊಕ್ಕ ಮೇಲೆ ನಿಲ್ಲುತ್ತೆ. ಅಷ್ಟೊತ್ತಿಗೆ ಕಾಲು ಇಂಚು ಉಳಿದಿರುತ್ತೆ.

ಕೈ ಹೋಗಲ್ಲ ಅಂದೆ. ಟ್ಯಾಂಕಿನ ಮೇಲಿನ ಬಾಯಿ ಎಷ್ಟು ದೊಡ್ಡದು?

ಸೋಫಾವಾಲಾ, ಕಲಬುರಗಿ

ಬಾಯಿ ಒಂದೂಕಾಲು ಅಡಿ ಇರಬೇಕು ಕಾಕಾ. ಟ್ಯಾಂಕಿನ ಅಗಲ ಮೂರು ಅಡಿ.

ನಳದ ಕಾಕಾ

ಹಾಗಾದರೆ ಸಣ್ಣ ಹುಡುಗನನ್ನು ಇಳಿಸ್ತೀನಿ ಅಂತ ಯೋಚನೆ ಮಾಡಬೇಡ, ಮೊದಲೇ ಹೇಳಿರ್ತೀನಿ. ಎಲ್ಬೋ, ನಿಪ್ಪಲ್ ಎರಡನ್ನೂ ಹೊರಗೇ ಜೋಡಿಸಿ, ಟೆಫ್ಲಾನ್ ಸುತ್ತಿ ಬಿಗಿ ಮಾಡು. ತೂತಿನ ಹೊರಗಿಂದ ಒಂದು ದಾರ ತೂರಿಸಿ ಮೇಲಿನ ಬಾಯಿಂದ ಎಳೆದುಕೋ. ದಾರವನ್ನು ನಿಪ್ಪಲ್ ಒಳಗೆ ಹಾಯಿಸಿ ಕಟ್ಟಿ, ಒಳಗೆ ಬಿಟ್ಟು, ಹೊರಗಿಂದ ದಾರ ಎಳೆ. ನಿಪ್ಪಲ್ ತಾನೇ ತೂತಿಗೆ ಬಂದು ಕೂರುತ್ತೆ. ನಲವತ್ತು ವರ್ಷದಿಂದ ಹೀಗೇ ಮಾಡ್ತಿದ್ದೀನಿ.

ಯಾದಗಿರಿ ಮೇಷ್ಟ್ರು

ಕಾಕಾ ಹೇಳಿದ್ದು ಸೈಫನ್. ಚೆನ್ನಾಗಿದೆ.

"ಅಷ್ಟು ಉಳಿದರ ಏನಾಗ್ತದ" ಅಂದವರಿಗೆ ಒಂದು ಲೆಕ್ಕ. ಮೂರು ಅಡಿ ಅಗಲದ ದುಂಡು ಟ್ಯಾಂಕಿನಲ್ಲಿ ಎರಡು ಇಂಚು ನೀರು ಅಂದರೆ ಸುಮಾರು 33 ಲೀಟರ್. ಎರಡು ಕೊಡ ತುಂಬಿ ಮೇಲೆ ಉಳಿಯುತ್ತೆ. ಹಳೇ ನೀರಿನ ರಾಡಿ, ಪಾಚಿ ಎಲ್ಲ ಇರುವುದು ಈ 33 ಲೀಟರ್‌ನಲ್ಲೇ. ಅದರ ಮೇಲೆ ಹೊಸ ನೀರು ಬಿಡುವುದು ಅಂದರೆ ಹಳೇ ಮೊಸರಿನಿಂದ ಹಾಲಿಗೆ ಹೆಪ್ಪು ಹಾಕಿದ ಹಾಗೆ. ದಿನಾ ತಾಜಾ ಪಾಚಿ ರೆಡಿ.

ಇನ್ನೊಂದು, ವಾಲ್ವಿನ ಸೈಜು. ಅರ್ಧ ಇಂಚಿನ ನಲ್ಲಿಗೂ ಒಂದು ಇಂಚಿನದಕ್ಕೂ ನೀರು ಹರಿಯುವುದರಲ್ಲಿ ಎರಡು ಪಟ್ಟು ವ್ಯತ್ಯಾಸ ಅಲ್ಲ, ನಾಲ್ಕು ಪಟ್ಟು. ತೂತಿನ ಅಗಲ ದುಪ್ಪಟ್ಟಾದರೆ ಅದರ ಕ್ಷೇತ್ರಫಲ ನಾಲ್ಕು ಪಟ್ಟಾಗುತ್ತದೆ. ಅರ್ಧ ಇಂಚಿನಲ್ಲಿ ಒಂದು ತಾಸು ಬೇಕಾದದ್ದು ಒಂದು ಇಂಚಿನಲ್ಲಿ ಕಾಲು ತಾಸಿಗೆ ಮುಗಿಯುತ್ತೆ. ಖಾಲಿ ಮಾಡೋಕೆ ಒಂದು ತಾಸು ಹಿಡಿಯುತ್ತೆ ಅಂದರೆ ರಾತ್ರಿ ದಣಿದು ಬಂದವರು ಯಾರು ಮಾಡ್ತಾರೆ? ಕಾಲು ತಾಸಾದರೆ ಚಹಾ ಕುಡಿಯುವಷ್ಟರಲ್ಲಿ ಆಯಿತು.

ಮೇಲಿನ ಮುಚ್ಚಳ ತೆಗೆದಿಡಿ, ಮರೆಯಬೇಡಿ. ಗಾಳಿ ಒಳಗೆ ಬರದಿದ್ದರೆ ನೀರು ಗೊಳಗೊಳ ಅಂತ ತಡವರಿಸುತ್ತೆ. ತೆಳು ಟ್ಯಾಂಕಾದರೆ ಹೊಟ್ಟೆ ಒಳಗೆ ಹೋಗಿಬಿಡುತ್ತೆ.

ಬೀದರ್ ಅಕ್ಕ

ನಾವೂ ಇದೇ ಕೆಲಸದವರು. ಬೀದರಿನಲ್ಲಿ ನಾನು, ನಮ್ಮ ಯಜಮಾನರು ಸೇರಿ ಮಾಡುತ್ತೇವೆ. ಶಾದಿ ಮಹಲ್, ಕಲ್ಯಾಣ ಮಂಟಪದ ಕಾರ್ಪೆಟ್‌ಗಳೇ ಜಾಸ್ತಿ. ರಂಜಾನ್ ಮುಂಚೆ ಮಸೀದಿ ಜಮಖಾನೆಗಳ ಕೆಲಸ ಬಂದರೆ ಊಟಕ್ಕೂ ಪುರಸೊತ್ತು ಇರಲ್ಲ.

ತಮ್ಮಾ, ನಿನ್ನ ಟ್ಯಾಂಕ್ ಯಾವ ಬಣ್ಣದ್ದು? ಬಿಳಿ ಇದ್ದರೆ ಪಾಚಿಗೆ ಅದೇ ಕಾರಣ. ಒಳಗೆ ಬೆಳಕು ಬೀಳದಿದ್ದರೆ ಪಾಚಿ ಬೆಳೆಯಲ್ಲ. ನಾವೂ ಮೊದಲು ಬಿಳಿದೇ ತಂದಿದ್ದೆವು, ನೀರಿನ ಮಟ್ಟ ಹೊರಗಿಂದ ಕಾಣುತ್ತೆ ಅಂತ. ಆಮೇಲೆ ಹೊರಗೆಲ್ಲ ಕಪ್ಪು ಬಣ್ಣ ಬಳಿದು, ಒಂದು ಬೆರಳಗಲ ಉದ್ದ ಪಟ್ಟಿ ಮಾತ್ರ ಬಿಟ್ಟೆವು, ಮಟ್ಟ ನೋಡೋಕೆ. ಆ ಪಟ್ಟಿ ಮೇಲೂ ರಟ್ಟು ಇಳಿಬಿಟ್ಟಿದ್ದೇನೆ. ಕಪ್ಪು ಬಣ್ಣಕ್ಕೆ ಬಿಸಿಲಿನಲ್ಲಿ ನೀರು ಕಾಯುತ್ತೆ, ನಿಜ. ಅದಕ್ಕೆ ಗಾಡಿಗೆ ತಾಡಪತ್ರಿ ಹೊದಿಸಬೇಕು. ಕಾದ ನೀರಲ್ಲಿ ಉಣ್ಣೆ ಕಾರ್ಪೆಟ್ ತೊಳೆದು ಕೆಂಪು ಬಣ್ಣ ಬಿಳಿ ಹೂವಿಗೆ ಹತ್ತಿಸಿಕೊಂಡು ಒಮ್ಮೆ ಪಾಠ ಕಲಿತಿದ್ದೇವೆ.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತಲ್ಲ ಅಂತ ನಂಬಿಕೊಂಡು ಕೂರಬೇಡ. ಈ ಸೆಕೆಗೆ ಒಂದೆರಡು ದಿನದಲ್ಲಿ ಅದು ಹಾರಿಹೋಗುತ್ತೆ. ಆಮೇಲೆ ಅದು ಬರೀ ನಿಂತ ನೀರು.

ಕಾಕಾ ಹೇಳಿದ ಎಲ್ಬೋ ಹಾಕಿಸುವವರೆಗೆ ಒಂದು ಸುಲಭ ದಾರಿ ಇದೆ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸು, ನಲ್ಲಿ ಇರುವ ಕಡೆ ತಗ್ಗಾಗುವ ಹಾಗೆ. ಇಳಿಜಾರು ಇಲ್ಲದಿದ್ದರೆ ಆಚೆ ಕಡೆಯ ಎರಡು ಚಕ್ರ ಹಲಗೆ ಮೇಲೆ ಹತ್ತಿಸು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು. ಅರ್ಧಕ್ಕಿಂತ ಜಾಸ್ತಿ ಬಂದುಬಿಡುತ್ತೆ. ನಮ್ಮೂರ ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಅಂತಾರಲ್ಲ. ನೆಲದೊಳಗೆ ಕಾಲುವೆ ಕೊರೆದು ಬರೀ ಇಳಿಜಾರಿನಿಂದ ನೀರು ತಂದಿದ್ದಾರೆ, ಪಂಪೂ ಇಲ್ಲ, ಕರೆಂಟೂ ಇಲ್ಲ. ನಮ್ಮಿಂದ ಮೂವತ್ತು ಲೀಟರ್ ಆಗಲ್ವಾ?

ಕೊನೆಗೆ ಉಳಿದದ್ದಕ್ಕೆ ನಿನ್ನ ಹತ್ತಿರ ಮಷೀನೇ ಇದೆಯಲ್ಲ! ಸಕ್ಷನ್ ಪೈಪನ್ನು ಮೇಲಿನ ಬಾಯಿಂದ ಇಳಿಸಿ ಎಳೆ. ಸೋಫಾದ ನೀರು ಎಳೆಯುವ ಮಷೀನು ಟ್ಯಾಂಕಿನ ನೀರು ಎಳೆಯಲ್ವಾ? ಆದರೆ ಪೈಪಿನ ಆ ತುದಿ ಮೊದಲು ಚೆನ್ನಾಗಿ ತೊಳೆದುಕೋ.

ಸೋಫಾವಾಲಾ, ಕಲಬುರಗಿ

ಅಕ್ಕಾ, ಮಷೀನು ಕೈಯಲ್ಲೇ ಇಟ್ಟುಕೊಂಡು ಒಂದು ವಾರ ತಲೆ ಕೆಡಿಸಿಕೊಂಡೆ. ಟ್ಯಾಂಕ್ ಬಿಳಿದೇ. ಬಿಸಿಲಲ್ಲೇ ನಿಲ್ಲಿಸುತ್ತೇನೆ.

ರಿಂಗ್ ರೋಡ್ ರಾಜ

ಎಲ್ಲ ಸರಿ. ಆದರೆ ದಿನಾ ರಾತ್ರಿ ಟ್ಯಾಂಕ್ ಖಾಲಿ ಮಾಡು ಅನ್ನೋದು ನಮ್ಮ ಕಡೆ ನಡೆಯುವ ಮಾತಾ? ನಮ್ಮ ಓಣಿಗೆ ನಳ ಬಿಡೋದು ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟು ಕಾಯ್ತೀವಿ. 300 ಲೀಟರ್ ಚೊಕ್ಕ ನೀರು ಚರಂಡಿಗೆ ಬಿಡೋದನ್ನ ಪಕ್ಕದ ಮನೆಯವರು ನೋಡಿದರೆ ಹೊಡೆಯೋಕೆ ಬರ್ತಾರೆ. ಹೊಡೆದರೂ ತಪ್ಪಿಲ್ಲ.

ಬೀದರ್ ಅಕ್ಕ

ಚರಂಡಿಗೆ ಬಿಡು ಅಂತ ಯಾರು ಹೇಳಿದರು? ಮೊದಲು ಬೇಕಾದಷ್ಟೇ ತುಂಬು. ಐದು ಸೀಟಿನ ಸೋಫಾಕ್ಕೆ ನನಗೆ 20-25 ಲೀಟರ್ ಸಾಕು. ಮೂರು ಮನೆ ಇದ್ದರೆ ನೂರು ಲೀಟರ್ ತುಂಬುತ್ತೇನೆ. ಟ್ಯಾಂಕ್ ದೊಡ್ಡದಿದೆ ಅಂತ ಕಂಠಪೂರ್ತಿ ತುಂಬುವುದು ಗಂಡಸರ ಚಟ. ಸಂಜೆ ಹತ್ತಿಪ್ಪತ್ತು ಲೀಟರ್ ಉಳಿದರೆ ಅದರಿಂದಲೇ ಹೊಲಸು ಟ್ಯಾಂಕ್ ತೊಳೆಯುತ್ತೇನೆ, ಬ್ರಷ್ ತೊಳೆಯುತ್ತೇನೆ. ಉಳಿದದ್ದು ಕರಿಬೇವಿನ ಗಿಡಕ್ಕೆ. ಸೋಪು, ಔಷಧಿ ಯಾವುದೂ ಬೆರೆಯದ ನೀರು ಅದು. ಔಷಧಿ ಬೇರೆ ಕ್ಯಾನಿನಲ್ಲಿ ಇರಬೇಕು. ಟ್ಯಾಂಕಿಗೇ ಸುರಿಯುವವರು ಇದ್ದಾರೆ, ಅವರ ನೀರು ಗಿಡಕ್ಕೆ ಬೇಡ.

ರಿಂಗ್ ರೋಡ್ ರಾಜ

ಗಂಡಸರ ಚಟ ಅಂದದ್ದಕ್ಕೆ ನನ್ನ ವಿರೋಧ ಇದೆ. ಉಳಿದದ್ದು ಒಪ್ಪಿದೆ.

ಗೇರ್ ಐದು

ನಾನು ಡ್ರೈವರ್. ತೊಳೆಯುವ ಕೆಲಸ ಗೊತ್ತಿಲ್ಲ, ಗಾಡಿ ಗೊತ್ತು. 500 ಲೀಟರ್ ನೀರು ಅಂದರೆ ಅರ್ಧ ಟನ್. ಚೋಟಾ ಹಾಥಿಗೆ ಹಾಕಬಹುದಾದದ್ದೇ ಮುಕ್ಕಾಲು ಟನ್ ಅಷ್ಟು. ಮಷೀನು, ಫ್ರೇಮು, ಜನ ಸೇರಿದರೆ ಮುಗಿಯಿತು. ಆದರೆ ಪೂರ್ತಿ ತುಂಬಿದ್ದಕ್ಕಿಂತ ಅರ್ಧ ತುಂಬಿದ ಟ್ಯಾಂಕ್ ಇನ್ನೂ ಮೋಸ. ತುಂಬಿದ ನೀರು ಅಲುಗಲ್ಲ. ಅರ್ಧ ಇದ್ದರೆ ತಿರುವಿನಲ್ಲಿ ಎಲ್ಲ ಒಂದೇ ಕಡೆ ಓಡುತ್ತೆ, ಬ್ರೇಕ್ ಹಾಕಿದರೆ ಮುಂದಕ್ಕೆ ಬಂದು ಗುದ್ದುತ್ತೆ. ಒಳಗೆ ಅಡ್ಡ ತಡೆ ಇರುವ ಟ್ಯಾಂಕ್ ಅಲ್ಲ ನಿಮ್ಮದು, ಮನೆ ಟ್ಯಾಂಕ್. ಹುಮನಾಬಾದ್ ಕಡೆ ದೂರದ ಕೆಲಸ ಇದ್ದರೆ ಖಾಲಿ ಹೋಗಿ ಅಲ್ಲೇ ತುಂಬಿಕೊಳ್ಳಿ. ಡೀಸೆಲ್ಲೂ ಉಳಿಯುತ್ತೆ.

ಆಶಾ ತಾಯಿ

ನಾನು ಮನೆಮನೆಗೆ ಲಾರ್ವಾ (ಸೊಳ್ಳೆ ಮರಿ) ಸರ್ವೆಗೆ ಹೋಗುವವಳು. ಇಷ್ಟು ಹೊತ್ತು ಪಾಚಿ, ವಾಸನೆ ಅಂತ ಮಾತಾಡಿದಿರಿ, ಸೊಳ್ಳೆ ಸುದ್ದಿ ಒಬ್ಬರೂ ಎತ್ತಲಿಲ್ಲ.

ಡೆಂಗಿ ತರುವ ಈಡಿಸ್ ಸೊಳ್ಳೆಗೆ ಗಟಾರದ ನೀರಿಗಿಂತ ನಿಮ್ಮ ಟ್ಯಾಂಕಿನಂಥ ಚೊಕ್ಕ, ನಿಂತ ನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ಅದಕ್ಕೇ ನಾವು ವಾರಕ್ಕೊಂದು ದಿನ ಎಲ್ಲ ಖಾಲಿ ಮಾಡಿ ಒಣಗಿಸಿ ಅಂತ ಬಾಗಿಲು ಬಾಗಿಲಿಗೆ ಹೇಳಿಕೊಂಡು ತಿರುಗುವುದು. "ಬಂದಳು ನೋಡು ನೀರು ಚೆಲ್ಲುವವಳು" ಅಂತ ಬೈಸಿಕೊಂಡಿದ್ದೇನೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮೇಲಲ್ಲ, ನೀರಿನ ಅಂಚಿಗೆ, ಒದ್ದೆ ಗೋಡೆ ಮೇಲೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯಲ್ಲ. ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತೆ. ಹಾಗಾಗಿ ಬರೀ ನೀರು ಬಿಟ್ಟರೆ ಸಾಲದು, ಗೋಡೆ ತಿಕ್ಕಬೇಕು. ಉದ್ದ ಕೋಲಿಗೆ ತೆಂಗಿನ ನಾರು ಕಟ್ಟಿ ತಿಕ್ಕಿ. ಮುಚ್ಚಳ ಸಡಿಲ ಇದ್ದರೆ, ಗಾಳಿ ತೂತು ಇದ್ದರೆ, ಸೊಳ್ಳೆ ಪರದೆ ಬಟ್ಟೆ ಕಟ್ಟಿ.

ನಿಮ್ಮ ಗಾಡಿ ದಿನಕ್ಕೆ ಮೂರು ಓಣಿ ತಿರುಗುತ್ತೆ ತಮ್ಮಾ. ಸೊಳ್ಳೆಗೆ ಬಸ್ ಬಿಟ್ಟ ಹಾಗೆ.

ಸೋಫಾವಾಲಾ, ಕಲಬುರಗಿ

ತಾಯಿ, ನಿಜವಾಗಿ ಇದು ತಲೆಗೇ ಬಂದಿರಲಿಲ್ಲ. ನಿನ್ನೆ ತಳದ ನೀರಿನಲ್ಲಿ ಏನೋ ಕುಣೀತಿತ್ತು. ಕಸ ಅಂದುಕೊಂಡೆ.

ಆಶಾ ತಾಯಿ

ಕಸ ಕುಣಿಯಲ್ಲ.

ಶಹಾಬಾದಿ

ಈಗ ತೊಳೆಯುವ ಭಾಗ. ಪಾಚಿಗೆ ಬ್ಲೀಚು, ಬಿಳಿ ಪದರಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). ಎರಡನ್ನೂ ಒಟ್ಟಿಗೆ ಹಾಕಬೇಡಿ. ಬ್ಲೀಚಿಗೆ ಹುಳಿ ತಾಗಿದರೆ ಕ್ಲೋರಿನ್ ಗಾಳಿ ಏಳುತ್ತೆ, ಟ್ಯಾಂಕಿನ ಬಾಯಿಗೆ ಮುಖ ಇಟ್ಟು ತಿಕ್ಕುವವನ ಎದೆ ಹಿಡಿಯುತ್ತೆ. ಒಂದು ದಿನ ಒಂದು, ಚೆನ್ನಾಗಿ ನೀರು ಹಾಯಿಸಿ, ಇನ್ನೊಂದು ದಿನ ಇನ್ನೊಂದು.

ಬ್ಲೀಚಿನ ಲೆಕ್ಕ: 5% ಇರುವ ದ್ರವ ಅರ್ಧ ಲೀಟರ್‌ನ್ನು 500 ಲೀಟರ್ ನೀರಿಗೆ ಹಾಕಿದರೆ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಆಗುತ್ತೆ. ಅಷ್ಟು ಸಾಕು. ಮೊದಲು ತಿಕ್ಕಿ, ರಾಡಿ ತೆಗೆದು, ಆಮೇಲೆ ಹಾಕಿ. ಪಂಪು ಓಡಿಸಿ ಪೈಪಿನ ತುದಿಯಿಂದ ಬ್ಲೀಚು ವಾಸನೆ ಬರುವವರೆಗೆ ಬಿಡಿ. ಪೈಪಿನೊಳಗೂ ಲೋಳೆ ಕಟ್ಟಿರುತ್ತೆ, ಟ್ಯಾಂಕ್ ಒಂದನ್ನೇ ತೊಳೆದರೆ ವಾಸನೆ ಹೋಗಲ್ಲ. ಮೂರ್ನಾಲ್ಕು ತಾಸು ಇಟ್ಟು ಖಾಲಿ ಮಾಡಿ, ಎರಡು ಸಲ ಚೊಕ್ಕ ನೀರು ಹಾಯಿಸಿ. ಬ್ಲೀಚು ವಾಸನೆ ಉಳಿದಿದ್ದರೆ ಇನ್ನೊಮ್ಮೆ. ಬ್ಲೀಚು ಉಳಿದ ನೀರು ಉಣ್ಣೆ ಕಾರ್ಪೆಟ್ ಮೇಲೆ ಬಿದ್ದರೆ ಬಣ್ಣ ಹೋಗುತ್ತೆ. ಈ ನೀರು ಮಾತ್ರ ಗಿಡಕ್ಕೆ ಬೇಡ, ಬಚ್ಚಲಿಗೆ ಬಿಡಿ. ಹೆಚ್ಚು ನೀರು ಹಾಳಾಗಬಾರದು ಅಂದರೆ 50 ಲೀಟರಿಗೆ 50 ಮಿಲಿ ಬೆರೆಸಿ, ಅದರಿಂದಲೇ ಗೋಡೆಗೆ ಮತ್ತೆ ಮತ್ತೆ ಸಿಂಪಡಿಸುತ್ತಾ ಇರಿ.

ಆ ಬಿಳಿ ರಾಡಿ ಸುಣ್ಣ. ನಮ್ಮ ಕಡೆ ನೆಲದಡಿ ಇರೋದೇ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು, ವಾಡಿ, ಸೇಡಂ ಸಿಮೆಂಟು, ಎಲ್ಲ ಅದರದ್ದೇ. ಆ ಕಲ್ಲಿನೊಳಗಿಂದ ಬಂದ ಬೋರ್ ನೀರು ಗಡಸಾಗದೆ ಇನ್ನೇನಾಗುತ್ತೆ? ತಣ್ಣಗಿದ್ದಾಗ ನೀರಲ್ಲಿ ಕರಗಿರುತ್ತೆ, ಕಾಯಿಸಿದಾಗ ಪದರ ಕಟ್ಟುತ್ತೆ. ನೀರು ಕಾಯಿಸುವ ಮಷೀನು ಇದ್ದವರು ಟ್ಯಾಂಕಿಗಿಂತ ಕಾಯಿಲ್ ಕಡೆ ಜಾಸ್ತಿ ಗಮನ ಕೊಡಿ. ಆದಷ್ಟು ನಳದ ನೀರೇ ತುಂಬಿ.

ನಿಂಬೆ ಉಪ್ಪಿನ ನೀರನ್ನು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಮಾತ್ರ ಬಿಡಬೇಡಿ. ಟ್ಯಾಂಕಿನ ಸುಣ್ಣ ತಿನ್ನುವ ಹುಳಿ ನೆಲದ ಸುಣ್ಣ ಬಿಡುತ್ತಾ? ಅಲ್ಲೇ ಬುಸ್ ಅಂತ ನೊರೆ ಬಂದು ಪಾಲಿಶ್ ಹೋಗುತ್ತೆ. ನಮ್ಮ ಅತ್ತೆಯವರ ಅಂಗಳದಲ್ಲಿ ನಾನು ಮಾಡಿದ ಒಂದು ಮಚ್ಚೆ ಇದೆ. ಅಳಿಯನ ಹೆಸರು ಶಾಶ್ವತ ಆಗಿದೆ.

ಹೊಸಬ

ನಾನೂ ಒಂದು ತಪ್ಪು ಹೇಳಿಕೊಳ್ತೀನಿ. ನಮ್ಮ ಹುಡುಗ ಒಂದೇ ಹಸಿರು ಪೈಪಿನಿಂದ ಸಂಜೆ ಹೊಲಸು ನೀರು ಬಿಡುತ್ತಿದ್ದ, ಬೆಳಿಗ್ಗೆ ಅದೇ ಪೈಪಿನಿಂದ ಚೊಕ್ಕ ನೀರು ತುಂಬುತ್ತಿದ್ದ. ಎರಡು ತಿಂಗಳು ಗೊತ್ತೇ ಆಗಲಿಲ್ಲ. ಟ್ಯಾಂಕ್ ತೊಳೆದ ಮೂರೇ ದಿನಕ್ಕೆ ಮತ್ತೆ ವಾಸನೆ. ಈಗ ನೀಲಿ ಪೈಪು ಚೊಕ್ಕದಕ್ಕೆ, ಕಪ್ಪು ಹೊಲಸಿಗೆ. ಎರಡರ ತುದಿಯ ಕಪ್ಲಿಂಗ್ ಸೈಜೂ ಬೇರೆ ಮಾಡಿಸಿದ್ದೇನೆ, ಬೇಕಂದರೂ ಕೂರಲ್ಲ.

ನಳದ ಕಾಕಾ

ಇದು ಬುದ್ಧಿವಂತರ ಕೆಲಸ.

ಸೋಫಾವಾಲಾ, ಪಂಪಿನ ಬಗ್ಗೆ ಹೇಳೋದು ಮರೆತೆ. ಪಂಪು ಓಡಿಸಿಯೇ ಟ್ಯಾಂಕ್ ಖಾಲಿ ಮಾಡ್ತೀನಿ ಅಂತ ಹೋಗಬೇಡ. 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪು ಸ್ವಲ್ಪ ಹೊತ್ತು ಒಣಗಿ ಓಡಿದರೂ ತಡೆದುಕೊಳ್ಳುತ್ತೆ. ಪ್ರೆಶರ್ ಪಂಪು ನೀರಿಲ್ಲದೆ ಓಡಿದರೆ ಸೀಲು ಸುಟ್ಟುಹೋಗುತ್ತೆ. ಮೊದಲು ಪಂಪು ಬಂದ್, ಗನ್ ಒತ್ತಿ ಪೈಪಿನ ಪ್ರೆಶರ್ ಇಳಿಸು, ಆಮೇಲೆ ಡ್ರೈನ್ ವಾಲ್ವ್. ಪಂಪಿನ ಮುಂದಿನ ಜಾಳಿಗೆ ಬಿಚ್ಚಿ ನೋಡು. ಎಂಟು ತಿಂಗಳ ಭೂಗೋಳ ಅದರಲ್ಲೇ ಇರುತ್ತೆ. ಬಾಯಿಂದ ಪೈಪು ಎಳೆಯೋ ಸಾಹಸವೂ ಬೇಡ, ಅದರಲ್ಲೂ ಬ್ಲೀಚು ಹಾಕಿದ ಮೇಲೆ. ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿ ಹೆಬ್ಬೆರಳಿಂದ ಮುಚ್ಚಿ, ಒಂದನ್ನ ಒಳಗೆ ಬಿಡು, ಇನ್ನೊಂದನ್ನ ಕೆಳಗೆ ಹಿಡಿ. ಅಷ್ಟೇ.

ಸೋಫಾವಾಲಾ, ಕಲಬುರಗಿ

ಭಾನುವಾರ ಕೂತು ಎಲ್ಲ ಮಾಡಿದೆ. ಬರೆದಿಡುತ್ತೇನೆ, ಇನ್ನೊಬ್ಬರಿಗೆ ಬೇಕಾಗಬಹುದು.

ಬೆಳಿಗ್ಗೆ ಗಾಡಿಯ ಬಲಗಡೆ ಚಕ್ರ ಹಲಗೆಗೆ ಹತ್ತಿಸಿದೆ. ನಲ್ಲಿಯಿಂದ ಇನ್ನೂ ಒಂದು ಬಕೆಟ್ ಮೇಲೆ ಬಂತು. ಉಳಿದದ್ದನ್ನು ಅಕ್ಕ ಹೇಳಿದ ಹಾಗೆ ಮಷೀನಿನಿಂದ ಎಳೆದೆ. ತಳದಲ್ಲಿ ಸಿಕ್ಕಿದ್ದು: ಸುಣ್ಣದ ರಾಡಿ ಅರ್ಧ ಬುಟ್ಟಿ, ಒಂದು ವಾಷರ್, ಹಿಂದಿನವನು ಬೀಳಿಸಿದ್ದ ಹ್ಯಾಕ್ಸಾ ಬ್ಲೇಡಿನ ತುಂಡು, ಮತ್ತೆ ತಾಯಿ ಹೇಳಿದ ಕುಣಿಯುವ ಕಸ. ಜಾಳಿಗೆಯಲ್ಲಿ ಪಾಚಿ ಕೂದಲಿನ ಹಾಗೆ ಸುತ್ತಿಕೊಂಡಿತ್ತು. ಪ್ರೆಶರ್ ಕಡಿಮೆ ಬರುತ್ತಿದೆ ಅಂತ ಎರಡು ತಿಂಗಳಿಂದ ಪಂಪಿಗೆ ಬೈಯುತ್ತಿದ್ದೆ, ಪಾಪ.

ದಾರ ಕಟ್ಟಿ ನಿಪ್ಪಲ್ ಎಳೆಯೋದು ಮೂರನೇ ಸಲಕ್ಕೆ ಆಯಿತು. ಎರಡು ಸಲ ಎಲ್ಬೋ ತಿರುಗಿ ಬಾಯಿ ಮೇಲಾಯಿತು. ಹೊಸ ವಾಲ್ವಿನಿಂದ ಬಿಟ್ಟು ನೋಡಿದೆ, ತಳದಲ್ಲಿ ನಾಲ್ಕೈದು ಲೀಟರ್ ಅಷ್ಟೇ ಉಳಿಯುತ್ತೆ. ಅದನ್ನ ಬಟ್ಟೆ ಕೋಲಿನಿಂದ ಒರೆಸಿದೆ. ಅವತ್ತು ಬ್ಲೀಚು ಮಾತ್ರ. ಸುಣ್ಣದ ಕೆಲಸ ಮುಂದಿನ ಭಾನುವಾರಕ್ಕೆ. ಹೊರಗೆ ಕಪ್ಪು ಬಣ್ಣ ಆಗಿದೆ, ಬೆರಳಗಲ ಪಟ್ಟಿ ಬಿಟ್ಟಿದ್ದೇನೆ.

ನಿನ್ನೆ ಸೇಡಂ ರಸ್ತೆ ಅಕ್ಕನ ಮನೆಗೆ ಹೋಗಿ ಸೋಫಾ ಮತ್ತೆ ತೊಳೆದು ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. 30 ಲೀಟರ್ ತುಂಬಿಕೊಂಡು ಹೋಗಿದ್ದೆ, ಆರು ಲೀಟರ್ ಉಳಿಯಿತು. ಅವರ ಅಂಗಳದ ತುಳಸಿಗೇ ಹಾಕಿ ಬಂದೆ.

ನಳದ ಕಾಕಾ

ಭೇಷ್. ನಿಪ್ಪಲ್‌ಗೆ ರಬ್ಬರ್ ವಾಷರ್ ಒಳಗೂ ಹಾಕಿದಿಯಾ, ಹೊರಗೂ ಹಾಕಿದಿಯಾ?

ಸೋಫಾವಾಲಾ, ಕಲಬುರಗಿ

ಹೊರಗೆ ಮಾತ್ರ ಕಾಕಾ. ಒಳಗಿಂದು ದಾರ ಎಳೆಯುವಾಗ ಬಿದ್ದುಹೋಯಿತು.

ನಳದ ಕಾಕಾ

ಹಂಗಾದ್ರ ಸೋರ್ತದ.

ಸೋಫಾವಾಲಾ, ಕಲಬುರಗಿ

ಸೋರ್ಲತ್ತದ ಕಾಕಾ. ಕೆಳಗ ಬಕೆಟ್ ಇಟ್ಟೀನಿ.